ಕಾಯುವಾಗ ಚಡಪಡಿಸುವುದೇಕೆ?

ವಿಜಯದಶಮಿಯಂದು ಮೈಸೂರಿನ ಸಯ್ಯಾಜಿರಾವ್ ರಸ್ತೆಯ ಎರಡೂ ಬದಿಯಲ್ಲಿ ಜನ ಬೆಳಿಗ್ಗೆಯೇ ಜಾಗ ಹಿಡಿದು ಕೂರುತ್ತಾರೆ. ಸುಮಾರು 750 ಕಿಲೋ ತೂಕದ ಅಂಬಾರಿ ಹೊತ್ತ ಆನೆ ಬನ್ನಿಮಂಟಪದತ್ತ ಹೊರಡುವುದು ಮಧ್ಯಾಹ್ನ ಕಳೆದ ಮೇಲೆ. ಅಷ್ಟು ಹೊತ್ತು ಬಿಸಿಲು ತಾಳಿದವರೇ ಮರುದಿನ ಸಿಗ್ನಲ್‌ನಲ್ಲಿ ಹಸಿರು ದೀಪ ಬರುವ ಮೊದಲೇ ಹಾರ್ನ್ ಒತ್ತುತ್ತಾರೆ. ಈ ಚಡಪಡಿಕೆಯನ್ನು ಸ್ವಭಾವದ ದೋಷವೆಂದು ಬಗೆಯುವುದು ರೂಢಿ. ವಿಜ್ಞಾನ ಬೇರೆಯೇ ಹೇಳುತ್ತದೆ.

ಜಪಾನಿನ ಓಕಿನಾವಾದ ಸಂಶೋಧಕರು ಇಲಿಗಳ ಮಿದುಳುಕಾಂಡದಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕ ಸ್ರವಿಸುವ ನರಕೋಶಗಳನ್ನು ಬೆಳಕು ಹಾಯಿಸಿ ಪ್ರಚೋದಿಸಿದರು. ಆಗ ಇಲಿಗಳು ಆಹಾರಕ್ಕಾಗಿ ಹೆಚ್ಚು ಹೊತ್ತು ಕಾದವು. 2018ರಲ್ಲಿ ಪ್ರಕಟವಾದ ಮುಂದಿನ ಪ್ರಯೋಗದಲ್ಲಿ ಇನ್ನೊಂದು ಸಂಗತಿ ಗೊತ್ತಾಯಿತು. ಆಹಾರ ಸಿಗುವ ಸಂಭವ ಶೇ 75 ಇದ್ದಾಗ ಈ ಪ್ರಚೋದನೆ ಫಲಿಸಿತು. ಶೇ 50ಕ್ಕೆ ಇಳಿದಾಗ ಫಲಿಸಲಿಲ್ಲ. ಸೆರೊಟೋನಿನ್ ಒಂದೇ ಸಾಲದು, ಸಿಕ್ಕೀತೆಂಬ ಭರವಸೆಯೂ ಬೇಕು.

ಮಕ್ಕಳ ವಿಷಯದಲ್ಲೂ ಹಾಗೆಯೇ. ಈಗಲೇ ಒಂದು ಮಿಠಾಯಿ, ಕಾದರೆ ಎರಡು ಎಂಬ ಪರೀಕ್ಷೆಯನ್ನು ಮನೋವಿಜ್ಞಾನಿ ವಾಲ್ಟರ್ ಮಿಶೆಲ್ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ನಡೆಸಿ ಪ್ರಸಿದ್ಧರಾದರು. 2013ರಲ್ಲಿ ಅಲ್ಲಿನದೇ ರಾಚೆಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಅದಕ್ಕೊಂದು ತಿರುವು ಕೊಟ್ಟರು. ಪರೀಕ್ಷೆಗೆ ಮೊದಲು ಕೆಲವು ಮಕ್ಕಳಿಗೆ ಹೊಸ ಬಣ್ಣದ ಕಡ್ಡಿ ತರುತ್ತೇವೆಂದು ಹೇಳಿ ತಂದುಕೊಟ್ಟರು. ಉಳಿದವರಿಗೆ ಹೇಳಿಯೂ ಕೊಡಲಿಲ್ಲ. ಮಾತು ಉಳಿಸಿಕೊಂಡವರ ಮುಂದೆ ಮಕ್ಕಳು ಸರಾಸರಿ 12 ನಿಮಿಷ ಕಾದರು, ಮಾತು ತಪ್ಪಿದವರ ಮುಂದೆ ಬರೀ 3 ನಿಮಿಷ. ಕೈಗೆ ಬರುವುದೇ ಅನುಮಾನವಾದಾಗ ಸಿಕ್ಕಿದ್ದನ್ನು ತಿಂದು ಮುಗಿಸುವುದು ಲೆಕ್ಕಾಚಾರವೇ ಹೊರತು ಚಪಲವಲ್ಲ.

ಎಷ್ಟು ಹೊತ್ತು ಎಂಬುದು ಗೊತ್ತಿಲ್ಲದಿದ್ದರೂ ಚಡಪಡಿಕೆ ಏರುತ್ತದೆ. ಅವಧಿ ತಿಳಿಯದ ಕಾಯುವಿಕೆ ತಿಳಿದದ್ದಕ್ಕಿಂತ ದೀರ್ಘವೆನಿಸುತ್ತದೆ ಎಂದು ನಿರ್ವಹಣಾ ತಜ್ಞ ಡೇವಿಡ್ ಮೈಸ್ಟರ್ 1985ರಲ್ಲೇ ಬರೆದಿದ್ದರು. 2012ರ ಹೊತ್ತಿಗೆ ಮೈಸೂರಿನ ನಗರ ಬಸ್‌ಗಳಿಗೆ ಜಿಪಿಎಸ್ ಬಂತು. ಮುಂದಿನ ಬಸ್ ಎಷ್ಟು ನಿಮಿಷಕ್ಕೆ ಎಂದು ತಂಗುದಾಣದ ಫಲಕಗಳು ತೋರಿಸತೊಡಗಿದವು. ಅದರಿಂದ ಬಸ್ ಬೇಗ ಬರುವುದಿಲ್ಲ. ಆದರೆ ನಿಲ್ಲುವುದೋ, ಆಟೊ ಹಿಡಿಯುವುದೋ ಎಂದು ತೀರ್ಮಾನಿಸಲು ಆಧಾರ ಸಿಗುತ್ತದೆ. ಫಲಕ ಸುಳ್ಳು ಹೇಳಿದರೆ ಮಾತ್ರ ಬಣ್ಣದ ಕಡ್ಡಿ ಸಿಗದ ಮಕ್ಕಳ ಕಥೆಯೇ ನಮ್ಮದೂ.

ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ಕಾಯುವವರಿಗಷ್ಟೇ ಉಪದೇಶಿಸುತ್ತ ಬಂದಿದ್ದೇವೆ. ಕಾಯಿಸುವವರಿಗೂ ಈ ಹೊಣೆಯಲ್ಲಿ ಪಾಲಿದೆ. ಆಸ್ಪತ್ರೆ, ಬ್ಯಾಂಕು, ಸರ್ಕಾರಿ ಕಚೇರಿಗಳು ಟೋಕನ್ ಸಂಖ್ಯೆಯ ಜೊತೆ ಅಂದಾಜು ಹೊತ್ತನ್ನೂ ತಿಳಿಸಲಿ, ತಡವಾದರೆ ಕಾರಣ ಹೇಳಲಿ. ಇದಕ್ಕೆ ಖರ್ಚು ಹೆಚ್ಚಿಲ್ಲ.