ಕಲಬುರಗಿ ನಗರದಲ್ಲಿ ಸೊಳ್ಳೆಜನ್ಯ ರೋಗಗಳ ತಡೆ

ಸೊಳ್ಳೆಯ ಕಡಿತದ ಮೂಲಕ ಒಬ್ಬರಿಂದ ಮತ್ತೊಬ್ಬರಿಗೆ ಹರಡುವ ಡೆಂಗಿ, ಚಿಕೂನ್‌ಗುನ್ಯಾ, ಮಲೇರಿಯಾ, ಆನೆಕಾಲು ಮೊದಲಾದವುಗಳನ್ನು ಸೊಳ್ಳೆಜನ್ಯ ರೋಗಗಳೆಂದು ಕರೆಯಲಾಗುತ್ತದೆ. ಕಲ್ಯಾಣ ಕರ್ನಾಟಕ ಭಾಗದ ಪ್ರಮುಖ ನಗರವಾದ ಕಲಬುರಗಿಯು ಬಿಸಿಲಿಗೆ ಹೆಸರಾದ, ಮಳೆ ಮಿತವಾದ ಊರು. ಕೆರೆಕುಂಟೆಗಳು ಬತ್ತುವ ತಿಂಗಳುಗಳಲ್ಲಿಯೂ ಇಲ್ಲಿ ಸೊಳ್ಳೆಗೆ ನೆಲೆ ತಪ್ಪುವುದಿಲ್ಲ. ಜನರು ಮನೆಯಲ್ಲಿ ಕೂಡಿಡುವ ನೀರೇ ಅದರ ಮುಖ್ಯ ಆಸರೆಯಾಗಿದೆ.

ಕೂಡಿಟ್ಟ ನೀರು ಮತ್ತು ಸೊಳ್ಳೆ

ನಗರಕ್ಕೆ ಭೀಮಾ ನದಿ ಹಾಗೂ ಬೆಣ್ಣೆತೊರಾ ಜಲಾಶಯದಿಂದ ನೀರು ಪೂರೈಕೆಯಾಗುತ್ತದೆ. ನಲ್ಲಿಯಲ್ಲಿ ನೀರು ದಿನವೂ ಬಾರದಿರುವಾಗ, ಬಂದ ದಿನ ಹಿಡಿದಿಟ್ಟುಕೊಳ್ಳುವುದು ಅನಿವಾರ್ಯ. ನಗರದ ಖೂಬಾ ಪ್ಲಾಟ್‌ನಂತಹ ಬಡಾವಣೆಯಾಗಲಿ, ಅಂಚಿನ ಹೊಸ ಬಡಾವಣೆಯಾಗಲಿ, ನೆಲದಡಿಯ ಸಂಪು, ಮಾಳಿಗೆಯ ಮೇಲಿನ ಟ್ಯಾಂಕ್, ಬಚ್ಚಲಿನ ತೊಟ್ಟಿ, ಪ್ಲಾಸ್ಟಿಕ್ ಡ್ರಮ್, ಕೊಡಗಳು ಮನೆಮನೆಯ ಅಗತ್ಯಗಳು. ಡೆಂಗಿ ಮತ್ತು ಚಿಕೂನ್‌ಗುನ್ಯಾ ಹರಡುವ ಈಡಿಸ್ ಈಜಿಪ್ಟೈ ಸೊಳ್ಳೆ ಬಯಸುವುದು ಇಂತಹ ತಿಳಿಯಾದ, ಅಲುಗಾಡದ ನೀರನ್ನೇ. ಬೇಸಿಗೆಯ ಏರ್ ಕೂಲರ್ ಕೂಡ ಇದೇ ಸಾಲಿಗೆ ಸೇರುತ್ತದೆ. ಮಳೆಗಾಲ ಬಂತೆಂದು ಬಳಕೆ ನಿಲ್ಲಿಸಿ ಮೂಲೆಗೆ ಸರಿಸಿದ ಕೂಲರಿನ ತಳದಲ್ಲಿ ಉಳಿಯುವ ಎರಡು ಬೆರಳಷ್ಟು ನೀರು ನೂರಾರು ಮರಿಹುಳುಗಳಿಗೆ ಸಾಕಾಗುತ್ತದೆ.

ಈ ಸೊಳ್ಳೆ ತನ್ನ ಮೊಟ್ಟೆಗಳನ್ನು ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಪಾತ್ರೆಯ ಒಳಗೋಡೆಗೆ ಅಂಟಿಸುತ್ತದೆ. ನೀರು ಆರಿದರೂ ಮೊಟ್ಟೆಗಳು ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ಮತ್ತೆ ನೀರು ತಾಗಿದಾಗ ಒಡೆಯುತ್ತವೆ. ಆದ್ದರಿಂದ ಡ್ರಮ್ಮನ್ನು ಬರಿದು ಮಾಡುವುದಷ್ಟೇ ಸಾಲದು. ಒಳಗೋಡೆಯನ್ನು ಬ್ರಷ್ ಅಥವಾ ನಾರಿನಿಂದ ಗಟ್ಟಿಯಾಗಿ ಉಜ್ಜಿ, ಒಣಗಿಸಿ ಮತ್ತೆ ತುಂಬಬೇಕು. ಬೆಚ್ಚನೆಯ ಹವೆಯಲ್ಲಿ ಮೊಟ್ಟೆಯು ಹಾರುವ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನಗಳು ಬೇಕು. ವಾರಕ್ಕೊಮ್ಮೆ ‘ಒಣ ದಿನ’ ಆಚರಿಸಬೇಕೆಂದು ಆರೋಗ್ಯ ಇಲಾಖೆ ಹೇಳುವುದರ ಹಿಂದೆ ಈ ಲೆಕ್ಕವಿದೆ.

ಆದರೆ ನೀರಿಗಾಗಿ ಕಾದು ಕುಳಿತ ಮನೆಯವರಿಗೆ ತುಂಬಿದ ಡ್ರಮ್ಮನ್ನು ಚೆಲ್ಲಿರೆಂದು ಹೇಳುವುದು ಸುಲಭವಲ್ಲ, ನ್ಯಾಯವೂ ಅಲ್ಲ. ನೀರು ಬರುವ ಹಿಂದಿನ ದಿನ, ಪಾತ್ರೆಗಳು ತಳ ಕಂಡಿರುವಾಗ ಉಜ್ಜುವುದು ಅನುಕೂಲ. ಉಳಿದ ನೀರನ್ನು ಬಟ್ಟೆಯಲ್ಲಿ ಸೋಸಿ ಬಳಸಬಹುದು. ಮರಿಹುಳುಗಳು ಬಟ್ಟೆಯಲ್ಲಿ ಉಳಿಯುತ್ತವೆ. ಮುಚ್ಚಳವಿಲ್ಲದ ಡ್ರಮ್ಮಿನ ಬಾಯಿಗೆ ಹಳೆಯ ಧೋತರ ಅಥವಾ ಸೀರೆಯ ತುಂಡನ್ನು ಬಿಗಿಯಾಗಿ ಕಟ್ಟಿದರೆ ಸೊಳ್ಳೆ ಒಳಸೇರದು. ಸಡಿಲವಾಗಿ ಹೊದಿಸಿದ ಬಟ್ಟೆ ನೀರಿಗೆ ಇಳಿಬಿದ್ದರೆ ಪ್ರಯೋಜನವಿಲ್ಲ. ಖಾಲಿ ಮಾಡಲಾಗದ ದೊಡ್ಡ ತೊಟ್ಟಿ, ಬಾವಿಗಳಲ್ಲಿ ಗಪ್ಪಿ ಅಥವಾ ಗ್ಯಾಂಬೂಸಿಯಾ ಮೀನುಗಳನ್ನು ಬಿಡಲಾಗುತ್ತದೆ. ಟೆಮಿಫಾಸ್ ಎಂಬ ಮರಿಹುಳು ನಾಶಕವನ್ನು ಆರೋಗ್ಯ ಸಿಬ್ಬಂದಿಯು ನಿಗದಿತ ಪ್ರಮಾಣದಲ್ಲಿ ಹಾಕುತ್ತಾರೆ.

ಊರಿನ ಸೊಳ್ಳೆಗೆಲ್ಲ ಅಪ್ಪನ ಕೆರೆಯನ್ನು ದೂರುವುದುಂಟು. ಡೆಂಗಿಯ ಮಟ್ಟಿಗೆ ಈ ದೂರು ಸಲ್ಲದು. ಈಡಿಸ್ ಸಾಮಾನ್ಯವಾಗಿ ಕೆಲವು ನೂರು ಮೀಟರುಗಳಾಚೆಗೆ ಹಾರುವುದಿಲ್ಲ. ಕಚ್ಚಿದ ಸೊಳ್ಳೆ ಹುಟ್ಟಿದ್ದು ಬಹುಮಟ್ಟಿಗೆ ಅದೇ ಮನೆಯಲ್ಲಿ ಅಥವಾ ಪಕ್ಕದ ಮನೆಯಲ್ಲಿ. ಗೋಡೆಗೆ ಗೋಡೆ ತಾಗಿದ ಓಣಿಗಳಲ್ಲಿ ಒಂದು ಮನೆಯ ಎಚ್ಚರ ಸಾಲದಿರುವುದೂ ಇದರಿಂದಲೇ.

ಇತರ ಸೊಳ್ಳೆಗಳು

ಅನಾಫಿಲಿಸ್ ಸ್ಟೀಫೆನ್ಸಿ ನಗರದ ಮಲೇರಿಯಾ ಸೊಳ್ಳೆ. ಬಾವಿ ಮತ್ತು ಮಾಳಿಗೆಯ ಟ್ಯಾಂಕುಗಳಲ್ಲಿ ಬೆಳೆಯುತ್ತದೆ. ಇದರ ಮರಿಹುಳು ನೀರಿನ ಮೇಲ್ಮೈಗೆ ಸಮಾಂತರವಾಗಿ ಮಲಗಿರುತ್ತದೆ. ಈಡಿಸ್, ಕ್ಯೂಲೆಕ್ಸ್ ಮರಿಹುಳುಗಳು ತಲೆಕೆಳಗಾಗಿ ಓರೆಯಾಗಿ ತೂಗುತ್ತವೆ.

ಚರಂಡಿಯ ಕೊಳಚೆಯಲ್ಲಿ ಹುಟ್ಟಿ ರಾತ್ರಿ ಕಚ್ಚುವ ಕ್ಯೂಲೆಕ್ಸ್ ಸೊಳ್ಳೆ ಆನೆಕಾಲು ರೋಗವನ್ನು ಹರಡುತ್ತದೆ. ಕಲಬುರಗಿ ಜಿಲ್ಲೆಯು ಆನೆಕಾಲು ಪೀಡಿತ ಜಿಲ್ಲೆಗಳಲ್ಲಿ ಒಂದು. ರೋಗಾಣುಗಳು ರಾತ್ರಿಯ ಹೊತ್ತು ಮೇಲ್ಚರ್ಮದ ರಕ್ತಕ್ಕೆ ಬರುವುದರಿಂದ ರಕ್ತದ ಮಾದರಿಯನ್ನು ರಾತ್ರಿಯೇ ಪಡೆಯಲಾಗುತ್ತದೆ. ಸಾಮೂಹಿಕ ಔಷಧ ಸೇವನೆಯ ದಿನಗಳಲ್ಲಿ ಸಿಬ್ಬಂದಿಯು ಮನೆಗೆ ಬಂದು ತಮ್ಮೆದುರೇ ಮಾತ್ರೆ ನುಂಗಿಸುತ್ತಾರೆ. ಮಾತ್ರೆ ಪಡೆದು ಗೂಡಿನಲ್ಲಿಟ್ಟು ಮರೆಯುವವರೇ ಬಹಳ ಎಂಬುದು ಈ ಕ್ರಮಕ್ಕೆ ಕಾರಣ.

ಹಿನ್ನೆಲೆ

ನೀರಿನ ಪಾತ್ರೆಗೂ ಸೊಳ್ಳೆಗೂ ಇರುವ ನಂಟನ್ನು ಕರ್ನಾಟಕದ ನೆಲದಲ್ಲಿಯೇ ಗಮನಿಸಿದವರು ರೊನಾಲ್ಡ್ ರಾಸ್. 1880ರ ದಶಕದಲ್ಲಿ ಬೆಂಗಳೂರಿನಲ್ಲಿ ಸೇನಾ ವೈದ್ಯರಾಗಿದ್ದಾಗ, ತಮ್ಮ ಬಂಗಲೆಯ ಬಳಿಯ ನೀರಿನ ಪೀಪಾಯಿಯಲ್ಲಿ ಮರಿಹುಳುಗಳನ್ನು ಕಂಡು ಅದನ್ನು ಮಗುಚಿಸಿ ಸೊಳ್ಳೆಗಳನ್ನು ಕಡಿಮೆ ಮಾಡಿದರು. ಸೊಳ್ಳೆಯಲ್ಲಿ ಮಲೇರಿಯಾ ರೋಗಾಣುವನ್ನು ಅವರು ಕಂಡದ್ದು 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ. ಕಲಬುರಗಿ ಆಗ ಅದೇ ಹೈದರಾಬಾದ್ ಸಂಸ್ಥಾನದಲ್ಲಿತ್ತು.

ನೆರೆಯ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ 1973ರಲ್ಲಿ ಚಿಕೂನ್‌ಗುನ್ಯಾ ಹಬ್ಬಿತ್ತು. ಮೂರು ದಶಕಗಳ ನಂತರ, 2005–06ರಲ್ಲಿ ಅದು ದೇಶದಲ್ಲಿ ಮರುಕಳಿಸಿದಾಗ ಕರ್ನಾಟಕದಲ್ಲಿ ಪೀಡಿತವಾದ ಜಿಲ್ಲೆಗಳಲ್ಲಿ ಅಂದಿನ ಗುಲಬರ್ಗಾ, ಬೀದರ್ ಮತ್ತು ರಾಯಚೂರು ಸೇರಿದ್ದವು.

ಆಡಳಿತದ ಕ್ರಮಗಳು

ಹೊಗೆ ಯಂತ್ರದ ಸದ್ದು ಕೇಳಿದರೆ ಜನರಿಗೆ ಸಮಾಧಾನವಾಗುತ್ತದೆ. ಆದರೆ ಹೊಗೆಯಿಂದ ಸಾಯುವುದು ಆ ಹೊತ್ತಿಗೆ ಹಾರುತ್ತಿರುವ ಸೊಳ್ಳೆ ಮಾತ್ರ. ಮಂಚದ ಕೆಳಗೆ, ತೂಗುಹಾಕಿದ ಬಟ್ಟೆಗಳ ಮರೆಯಲ್ಲಿ ಕುಳಿತ ಈಡಿಸ್‌ಗೆ ಬೀದಿಯ ಹೊಗೆ ಅಷ್ಟಾಗಿ ತಲುಪದು. ಆಶಾ ಕಾರ್ಯಕರ್ತೆಯರು ಮನೆಯೊಳಗೆ ಬಂದು ನಡೆಸುವ ಮರಿಹುಳು ಸಮೀಕ್ಷೆಯು ಹೆಚ್ಚು ಫಲಕಾರಿ.

ರಾಜ್ಯ ಸರ್ಕಾರವು 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಅವಕಾಶ ಕೊಟ್ಟವರಿಗೆ ದಂಡ ನಿಗದಿ ಮಾಡಿತು. ನಗರ ಪ್ರದೇಶದ ಮನೆಗಳಿಗೆ 400 ರೂಪಾಯಿ, ವಾಣಿಜ್ಯ ಸ್ಥಳಗಳಿಗೆ 1,000 ರೂಪಾಯಿ, ಖಾಲಿ ನಿವೇಶನ ಹಾಗೂ ಕಟ್ಟಡ ಕಾಮಗಾರಿಯ ಸ್ಥಳಗಳಿಗೆ 2,000 ರೂಪಾಯಿ. ದಂಡದಿಂದ ಖಾಲಿ ನಿವೇಶನದ ಒಡೆಯರು ಎಚ್ಚತ್ತುಕೊಳ್ಳಬಹುದು. ಆದರೆ ಮನೆಯ ಡ್ರಮ್ಮು ತೊಲಗಬೇಕಾದರೆ ನಲ್ಲಿಯಲ್ಲಿ ನೀರು ನಂಬಿಕೆಯಿಂದ ಬರಬೇಕು. ವಿಶ್ವಬ್ಯಾಂಕ್ ನೆರವಿನಿಂದ ಹುಬ್ಬಳ್ಳಿ–ಧಾರವಾಡ, ಬೆಳಗಾವಿ ಮತ್ತು ಕಲಬುರಗಿಯ ಆಯ್ದ ವಾರ್ಡುಗಳಲ್ಲಿ ನಡೆದ ನಿರಂತರ ನೀರು ಪೂರೈಕೆಯ ಪ್ರಯೋಗವನ್ನು ಈ ದೃಷ್ಟಿಯಿಂದ ಆರೋಗ್ಯ ಕಾರ್ಯಕ್ರಮವೆಂದೂ ಎಣಿಸಬಹುದು.

ಜ್ವರ ಬಂದಾಗ

ಡೆಂಗಿಗೆ ನಿರ್ದಿಷ್ಟ ಔಷಧವಿಲ್ಲ. ಮೊದಲ ಐದು ದಿನಗಳಲ್ಲಿ ಎನ್‌ಎಸ್‌1, ಆನಂತರ ಐಜಿಎಂ ರಕ್ತಪರೀಕ್ಷೆಯಿಂದ ರೋಗವನ್ನು ಗುರುತಿಸಲಾಗುತ್ತದೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಕೊಡಲಾಗುತ್ತದೆ. ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆಗಳು ರಕ್ತಸ್ರಾವಕ್ಕೆ ಎಡೆ ಮಾಡಿಕೊಡುವುದರಿಂದ ಅವು ವರ್ಜ್ಯ. ಜ್ವರ ಇಳಿಯುವ ದಿನಗಳೇ ಅಪಾಯದ ದಿನಗಳು. ಆಗ ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಈಡಿಸ್ ಹಗಲಿನಲ್ಲಿ ಕಚ್ಚುವುದರಿಂದ ರೋಗಿಯನ್ನು ಹಗಲಿನಲ್ಲಿಯೂ ಸೊಳ್ಳೆಪರದೆಯೊಳಗೆ ಮಲಗಿಸಿದರೆ ಮನೆಯ ಉಳಿದವರಿಗೆ ರೋಗ ದಾಟುವುದು ತಪ್ಪುತ್ತದೆ.