ಕುದುರೆಗೂ ಉಬ್ಬಸ!

ಮಕ್ಕಳೇ, ಮೈಸೂರಿಗೆ ಹೋದಾಗ ಅರಮನೆಯ ಬಳಿ ಟಾಂಗಾ ಕುದುರೆಗಳನ್ನು ನೀವು ನೋಡಿರಬಹುದು. ನೆರಳಲ್ಲಿ ದಣಿವಾರಿಸಿಕೊಂಡು ನಿಂತ ಕುದುರೆಯ ಹೊಟ್ಟೆಯನ್ನು ದೂರದಿಂದಲೇ ಗಮನಿಸಿ. ಆರೋಗ್ಯವಾಗಿರುವ ಕುದುರೆ ನಿಮಿಷಕ್ಕೆ ಸುಮಾರು 8ರಿಂದ 16 ಸಲ ಹಗುರವಾಗಿ ಉಸಿರಾಡುತ್ತದೆ. ಆದರೆ ಕೆಲವು ಕುದುರೆಗಳು ನಿಂತಲ್ಲೇ ಕೆಮ್ಮುತ್ತವೆ. ಹೊಳ್ಳೆ ಅರಳಿಸಿ, ಹೊಟ್ಟೆ ಬಿಗಿದು ಉಸಿರನ್ನು ಹೊರಕ್ಕೆ ನೂಕುತ್ತವೆ. ಓಡಲು ಹಿಂಜರಿಯುತ್ತವೆ. ಅದು ಸೋಮಾರಿತನವಲ್ಲ, ನಮಗೆ ಬರುವ ಉಬ್ಬಸದಂಥದೇ ಕಾಯಿಲೆ!

ಇದಕ್ಕೆ ಮುಖ್ಯ ಕಾರಣ ಯಾವುದು ಗೊತ್ತೇ? ಕುದುರೆ ತಿನ್ನುವ ಒಣಹುಲ್ಲು! ಸರಿಯಾಗಿ ಒಣಗದ ಹುಲ್ಲನ್ನು ಮೆದೆ ಹಾಕಿದರೆ ಒಳಗೆ ಬೂಷ್ಟು ಬೆಳೆಯುತ್ತದೆ. ಹುಲ್ಲು ಕೊಡವಿದಾಗ ಬೂಷ್ಟಿನ ಕಣಗಳು ದೂಳಿನೊಂದಿಗೆ ಹಾರುತ್ತವೆ. ಕುದುರೆ ನಮ್ಮಂತೆ ಬಾಯಿಯಿಂದ ಉಸಿರಾಡಲಾರದು. ಹುಲ್ಲಿನೊಳಗೆ ಮೂತಿ ಇಟ್ಟು ತಿನ್ನುವಾಗ ಆ ದೂಳೆಲ್ಲ ಮೂಗಿನ ಮೂಲಕ ಒಳಗೆ ಹೋಗುತ್ತದೆ. ಅತಿ ಸಣ್ಣ ಕಣಗಳು ಶ್ವಾಸಕೋಶದ ಆಳವನ್ನೂ ತಲುಪುತ್ತವೆ.

ಕೆಲವು ಕುದುರೆಗಳ ದೇಹಕ್ಕೆ ಈ ಕಣಗಳು ಒಗ್ಗುವುದಿಲ್ಲ. ಆಗ ಶ್ವಾಸನಾಳಗಳು ಊದಿಕೊಳ್ಳುತ್ತವೆ, ಅವುಗಳ ಸುತ್ತಲಿನ ಸ್ನಾಯುಗಳು ಬಿಗಿಯುತ್ತವೆ, ಒಳಗೆ ಲೋಳೆ ತುಂಬುತ್ತದೆ. ಗಾಳಿಯ ದಾರಿ ಕಿರಿದಾಗುತ್ತದೆ. ಇದು ಒಂದು ಕುದುರೆಯಿಂದ ಇನ್ನೊಂದಕ್ಕೆ ಅಂಟುವ ರೋಗವಲ್ಲ.

ಈ ಹೋಲಿಕೆ ಇಂದು ತಿಳಿದದ್ದಲ್ಲ. ಸ್ವತಃ ಉಬ್ಬಸದಿಂದ ಬಳಲುತ್ತಿದ್ದ ಇಂಗ್ಲೆಂಡಿನ ವೈದ್ಯ ಜಾನ್ ಫ್ಲಾಯರ್ 1698ರಲ್ಲಿ ಆ ರೋಗದ ಬಗ್ಗೆ ಪುಸ್ತಕ ಬರೆದರು. ಅದರಲ್ಲಿ ಉಸಿರಾಟದ ತೊಂದರೆಯಿದ್ದ ಒಂದು ಹೆಣ್ಣು ಕುದುರೆಯ ಶ್ವಾಸಕೋಶವನ್ನೂ ವಿವರಿಸಿದರು. 2016ರಲ್ಲಿ ಪಶುವೈದ್ಯ ತಜ್ಞರು ಈ ಕಾಯಿಲೆಗೆ 'ಕುದುರೆಯ ಅಸ್ತಮಾ' ಎಂಬ ಹೆಸರನ್ನೇ ಬಳಸಲು ಸೂಚಿಸಿದರು.

ಪರಿಹಾರ ಸರಳವಾಗಿದೆ. ಬೂಷ್ಟು ಹಿಡಿದ ಹುಲ್ಲನ್ನು ಹಾಕಬಾರದು. ಒಣಹುಲ್ಲನ್ನು ನೀರಿನಲ್ಲಿ ನೆನೆಸಿ ಆಗಲೇ ತಿನ್ನಿಸಬೇಕು. ಲಾಯಕ್ಕೆ ಗಾಳಿ ಬೆಳಕು ಬೇಕು. ಕುದುರೆಯನ್ನು ಹೊರಗಿಟ್ಟು ಹಸಿಹುಲ್ಲು ಮೇಯಿಸುವುದು ಇನ್ನೂ ಒಳ್ಳೆಯದು. ಕಾಯಿಲೆ ಜೋರಾದರೆ ಪಶುವೈದ್ಯರು ಔಷಧಿ ಕೊಡುತ್ತಾರೆ. ಮೂತಿಗೆ ಮುಖವಾಡ ತೊಡಿಸಿ ಉಸಿರಿನೊಂದಿಗೆ ಔಷಧಿ ಎಳೆದುಕೊಳ್ಳುವಂತೆಯೂ ಮಾಡುತ್ತಾರೆ. ಆದರೆ ದೂಳು ಮರಳಿದರೆ ಉಬ್ಬಸವೂ ಮರಳುತ್ತದೆ!

ಸಂತೆಮರಹಳ್ಳಿಯ ಮಕ್ಕಳಿಗೆ ರೇಷ್ಮೆ ಹೊಸದಲ್ಲ. ಗೂಡಿನಿಂದ ನೂಲು ತೆಗೆಯುವ ಕೆಲಸಗಾರರಲ್ಲೂ ಕೆಲವರಿಗೆ ರೇಷ್ಮೆಯ ಸೂಕ್ಷ್ಮ ಕಣಗಳು ಒಗ್ಗದೆ ಅಸ್ತಮಾ ಬರುತ್ತದೆ. ಕುದುರೆಗೆ ಹುಲ್ಲು ಅನ್ನ, ಇವರಿಗೆ ರೇಷ್ಮೆ ಅನ್ನ. ಅನ್ನ ಕೊಡುವುದೇ ಉಸಿರು ಕಟ್ಟಿಸಬಾರದಲ್ಲವೇ? ಕೆಲಸದ ಜಾಗದಲ್ಲಿ ಗಾಳಿಯಾಡುವಂತಿರಬೇಕು. ಮನೆಯಲ್ಲಿ ಯಾರಿಗಾದರೂ ಕೆಲಸದ ದಿನಗಳಲ್ಲಿ ಕೆಮ್ಮು, ಉಬ್ಬಸ ಹೆಚ್ಚಾಗಿ, ರಜೆಯಲ್ಲಿ ಕಡಿಮೆಯಾದರೆ ವೈದ್ಯರಿಗೆ ತೋರಿಸಲು ಹೇಳಿ.

ಮಾಡಿ ನೋಡಿ: ಕಿಟಕಿಯಿಂದ ಬಿಸಿಲುಕೋಲು ಬೀಳುವ ಕಡೆ ಒಂದು ಹಿಡಿ ಒಣಹುಲ್ಲನ್ನು ಮೆಲ್ಲಗೆ ಕೊಡವಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಉಬ್ಬಸ ಇರುವವರು ದೂರವಿರಿ. ಏನು ಕಾಣುತ್ತದೆ? ಅದೇ ಹುಲ್ಲಿಗೆ ನೀರು ಚಿಮುಕಿಸಿ ಮತ್ತೆ ಕೊಡವಿ. ಈಗ ಏನು ಬದಲಾಯಿತು?