ಉಕ್ಕಿನ ಸೇತುವೆಯೂ ಗಾಜಿನ ಫಲಕವೂ

ದೊಡ್ಡಬಳ್ಳಾಪುರ ತಾಲ್ಲೂಕಿನ ನಮ್ಮ ಸಾಸಲಿನವರಿಗೆ ರೈಲುದಾರಿಯ ವೈಭವವೆಂದರೆ ಮಾಕಳಿದುರ್ಗದ ಬೆಟ್ಟದ ಬುಡವನ್ನು ಬಳಸಿಕೊಂಡು ಗುಂತಕಲ್ಲಿನತ್ತ ಸಾಗುವ ಹಳಿಯೇ. ಅಲ್ಲಿ ಓಡುವ ಗಾಡಿಯ ಚಿತ್ರ ತೆಗೆಯುವವರು ಬಹುಮಂದಿ. ಆದರೆ ಗಾಡಿ ಓಡುವುದಕ್ಕೆ ಮುನ್ನ, ಕಟ್ಟಡವು ಅರೆಬರೆಯಾಗಿ ನಿಂತಿರುವಾಗಲೇ ಅದನ್ನು ಚಿತ್ರಿಸುವುದು ಬೇರೆಯೇ ಒಂದು ವಿದ್ಯೆ. ಅದರ ಶ್ರೇಷ್ಠ ನಿದರ್ಶನವು ಸ್ಕಾಟ್ಲೆಂಡಿನ ಫೋರ್ತ್ ಸೇತುವೆಯ ಇತಿಹಾಸದಲ್ಲಿದೆ.

1879ರ ಡಿಸೆಂಬರ್ 28ರ ರಾತ್ರಿ ಟೇ ನದಿಯ ಸೇತುವೆಯು ಬಿರುಗಾಳಿಗೆ ಕುಸಿದು, ಮೇಲೆ ಸಾಗುತ್ತಿದ್ದ ರೈಲು ಪ್ರಯಾಣಿಕರೊಡನೆ ಜಲಸಮಾಧಿಯಾಯಿತು. ಅದನ್ನು ರಚಿಸಿದ ಥಾಮಸ್ ಬೌಚನೇ ಫೋರ್ತ್ ಕೊಲ್ಲಿಗಾಗಿ ಹೂಡಿದ್ದ ಯೋಜನೆಯು ಮೂಲೆಗೆ ಬಿದ್ದು, ಜಾನ್ ಫೌಲರ್ ಮತ್ತು ಬೆಂಜಮಿನ್ ಬೇಕರರ ವಿನ್ಯಾಸದಂತೆ, ವಿಲಿಯಂ ಆರೋಲನ ಗುತ್ತಿಗೆಯಲ್ಲಿ ಹೊಸ ಕಾರ್ಯವು ಆರಂಭವಾದಾಗ, ಭೀತರಾದ ಜನರಿಗೆ ಬೇಕಾಗಿದ್ದುದು ಕಣ್ಣಾರೆ ಕಾಣುವ ಭರವಸೆ.

ಆ ನಿರ್ಮಾಣವನ್ನು ಹಂತಹಂತವಾಗಿ ಚಿತ್ರಿಸಿದವನು ಈವ್ಲಿನ್ ಜಾರ್ಜ್ ಕ್ಯಾರಿ. ಆತನು ಕಾಮಗಾರಿಯ ಇಂಜಿನಿಯರನೇ ಆದುದರಿಂದ, ಎಲ್ಲಿ ನಿಂತರೆ ಯಾವ ಉಕ್ಕಿನ ಕೊಳವೆಯು ಯಾವ ತೊಲೆಯನ್ನು ಕೂಡುವುದೆಂಬುದು ಕಾಣುವುದೆಂದು ಬಲ್ಲವನು. ಹಿಂದಿನ ತಲೆಮಾರಿನ ಛಾಯಾಗ್ರಾಹಕರು ಸ್ಥಳದಲ್ಲೇ ಲೇಪ ಹಚ್ಚಿದ ಗಾಜನ್ನು ಒಣಗುವ ಮೊದಲೇ ಕತ್ತಲೆಯ ಡೇರೆಯೊಳಗೆ ಸಂಸ್ಕರಿಸಬೇಕಾಗಿತ್ತು; 1880ರ ದಶಕದ ಹೊತ್ತಿಗೆ ಜೆಲಟಿನ್ ಲೇಪದ ಒಣಫಲಕಗಳು ಬಳಕೆಗೆ ಬಂದು ಆ ತೊಡಕು ನೀಗಿತ್ತು.

ಇದೇ ಸೇತುವೆಯ ತತ್ವವನ್ನು ತೋರಿಸುವ ಮತ್ತೊಂದು ಚಿತ್ರವು ಇನ್ನೂ ಪ್ರಸಿದ್ಧ. ಕುರ್ಚಿಗಳಲ್ಲಿ ಕುಳಿತ ಇಬ್ಬರು ತೋಳು ಚಾಚಿ, ಕುರ್ಚಿಗೆ ಆನಿಸಿದ ಕೋಲುಗಳನ್ನು ಹಿಡಿದಿದ್ದಾರೆ. ಹೊರಗಿನ ಕೈಗಳಿಗೆ ಇಟ್ಟಿಗೆಯ ಭಾರ. ನಡುವೆ ತೂಗುವ ಹಲಗೆಯ ಮೇಲೆ ಜಪಾನಿನ ಇಂಜಿನಿಯರ್ ಕೈಚಿ ವತನಬೆ. ತೋಳುಗಳು ಸೆಳೆತವನ್ನೂ ಕೋಲುಗಳು ಒತ್ತಡವನ್ನೂ ತಾಳುವುದರಿಂದ ಆತನು ಬೀಳುವುದಿಲ್ಲ. ಗಣಿತವರಿಯದವನಿಗೂ ಕ್ಯಾಂಟಿಲಿವರ್, ಅಂದರೆ ಚಾಚುತೊಲೆಯ, ತತ್ವವು ತಿಳಿಯುವಂತೆ ಮಾಡಿದ ಈ ಯುಕ್ತಿಯು ಮೆಚ್ಚತಕ್ಕದ್ದೇ. ಆದರೂ ನನ್ನ ಮನಸ್ಸನ್ನು ಸೆಳೆಯುವುದು, ಕ್ಯಾರಿಯ ಚಿತ್ರಗಳಲ್ಲಿ ಮೂರು ಗೋಪುರಗಳು ಇಕ್ಕೆಲಕ್ಕೂ ಬಾಹುಗಳನ್ನು ಚಾಚಿ, ಒಂದನ್ನೊಂದು ಇನ್ನೂ ಮುಟ್ಟದೆ ನಿಂತಿರುವ ನೋಟ. 1,710 ಅಡಿಯ ಎರಡು ಮಹಾಂಕಣಗಳು ಹೇಗೆ ಕೂಡಿದವೆಂಬುದನ್ನು, 1890ರ ಮಾರ್ಚ್ 4ರಂದು ಉದ್ಘಾಟನೆಯಾದ ಪೂರ್ಣಸೇತುವೆಯು ಹೇಳಲಾರದು.

ಇಂಥ ನೋಟಗಳಲ್ಲಿ ಕಾರ್ಮಿಕರು ಚುಕ್ಕೆಗಳಷ್ಟೇ. ನಿರ್ಮಾಣದಲ್ಲಿ ಸತ್ತವರು 57 ಮಂದಿಯೆಂದು ಬಹುಕಾಲ ಎಣಿಸಿದ್ದುದು, ಸ್ಥಳೀಯ ಇತಿಹಾಸಾಸಕ್ತರ ಶೋಧನೆಯಿಂದ 73ಕ್ಕೆ ಏರಿತು. ಇಂದು ನಮ್ಮಲ್ಲಿ ಸೇತುವೆ ಕಟ್ಟಿಸುವವರು ಕಾಮಗಾರಿಯ ಚಿತ್ರಗಳನ್ನು ಕಾಪಾಡುವಾಗ, ಅವುಗಳಲ್ಲಿರುವ ಕೆಲಸಗಾರರ ಹೆಸರುಗಳನ್ನೂ ಬರೆದಿಡಲಿ.